ಪ್ಲಸ್ ಟು ಆಯ್ತು, ಪರಿಸರ ವಿಜ್ಞಾನ ಓದೋಣ ಅಂತಿದ್ದೀರಾ? ಕಾಸರಗೋಡಿನವರಿಗೊಂದು ಮಾರ್ಗದರ್ಶಿ

ಪ್ಲಸ್ ಟು ಫಲಿತಾಂಶ ಬಂದ ವಾರವೇ ಈ ಪ್ರಶ್ನೆ ಶುರುವಾಗುತ್ತದೆ. ಮಂಜೇಶ್ವರದಿಂದ, ಬದಿಯಡ್ಕದಿಂದ, ಮುಳ್ಳೇರಿಯದಿಂದ. ಕೆಲವೊಮ್ಮೆ ಮಕ್ಕಳೇ ಕೇಳುತ್ತಾರೆ, ಜಾಸ್ತಿ ಸಲ ಅವರ ಅಪ್ಪ ಅಮ್ಮ. "ಪರಿಸರ ವಿಜ್ಞಾನ ಓದಿದ್ರೆ ಕೆಲಸ ಸಿಗ್ತದಾ?"

ಸಿಗುತ್ತದೆ. ಆದರೆ 'ಪರಿಸರ' ಅಂತ ಒಂದು ಕೆಲಸ ಎಲ್ಲೂ ಇಲ್ಲ. ನೀರು ಪರೀಕ್ಷೆ ಮಾಡುವ ಕೆಲಸ ಇದೆ. ಕಾರ್ಖಾನೆಯ ಕೊಳೆನೀರು ಶುದ್ಧ ಮಾಡುವ ಘಟಕ ನೋಡಿಕೊಳ್ಳುವ ಕೆಲಸ ಇದೆ. ಕಾಡಿನಲ್ಲಿ ಗಿಡ, ಹಕ್ಕಿ ಲೆಕ್ಕ ಹಾಕುವ ಕೆಲಸ ಇದೆ. ಯೋಜನೆಗಳ ವರದಿ ಬರೆಯುವ ಕೆಲಸ, ಕಾನೂನಿನ ಕೆಲಸ, ನಕ್ಷೆ ಮಾಡುವ ಕೆಲಸ ಇದೆ. ಇವುಗಳಲ್ಲಿ ನಿಮಗೆ ಯಾವುದು ಬೇಕು ಎಂದು ಗೊತ್ತಿಲ್ಲದೆ ಸುಮ್ನೆ ಸೇರಿದರೆ ಐದು ವರ್ಷ ಓದಿಯೂ ಯಾವುದಕ್ಕೂ ಅರ್ಹತೆ ಕೂಡಿಬರದೆ ಹೋಗಬಹುದು. ಅದಕ್ಕೇ ಈ ಲೇಖನದಲ್ಲಿ ಕಾಲೇಜಿಗಿಂತ ಮೊದಲು ಕೆಲಸದ ವಿಷಯ ಬರುತ್ತದೆ.

1. ಯಾವ 'ಪರಿಸರ' ಎಂದು ಗೊತ್ತು ಮಾಡಿಕೊಳ್ಳಿ

ಬಿ.ಕಾಂ. ಓದುವವರಿಗೂ ಹಲವು ಕಡೆ ಪರಿಸರ ಅಧ್ಯಯನ ಎಂಬ ಒಂದು ಪೇಪರ್ ಇರುತ್ತದೆ. ಎಂ.ಸಿ. ಮೆಹ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1991ರಲ್ಲಿ ಹೇಳಿದ್ದರ ಬೆನ್ನಿಗೆ ಕಾಲೇಜುಗಳಿಗೆ ಬಂದ ಪೇಪರ್ ಅದು. ಒಳ್ಳೆಯದೇ, ಆದರೆ ಅದನ್ನು ಪಾಸು ಮಾಡಿದ್ದು ಯಾವ ಕೆಲಸಕ್ಕೂ ಅರ್ಹತೆ ಅಲ್ಲ.

ನಿಜವಾದ ಕೋರ್ಸುಗಳು ಮೂರು ಬಗೆ.

ಪರಿಸರ ವಿಜ್ಞಾನ: ಇದು ಅಳೆಯುವ ಶಾಸ್ತ್ರ. ನೀರು, ಗಾಳಿ, ಮಣ್ಣು, ಜೀವಿಗಳು. ರಸಾಯನಶಾಸ್ತ್ರ, ಜೀವಶಾಸ್ತ್ರ, ಭೂವಿಜ್ಞಾನ, ಸಂಖ್ಯಾಶಾಸ್ತ್ರ ನಾಲ್ಕೂ ಸೇರುತ್ತವೆ.

ಪರಿಸರ ಅಧ್ಯಯನ: ವಿಜ್ಞಾನದ ಜೊತೆಗೆ ಕಾನೂನು, ಅರ್ಥಶಾಸ್ತ್ರ, ಸಮಾಜದ ಪ್ರಶ್ನೆಗಳು. ಕಲಾ ವಿಭಾಗದಿಂದ ಬಂದವರಿಗೂ ಕೆಲವು ಕಡೆ ಪ್ರವೇಶ ಇರುತ್ತದೆ.

ಪರಿಸರ ಎಂಜಿನಿಯರಿಂಗ್: ಬಿ.ಟೆಕ್. ಶುದ್ಧೀಕರಣ ಘಟಕ ಹೇಗೆ ಕಟ್ಟಬೇಕು, ಪೈಪು ಎಷ್ಟು ದಪ್ಪ ಇರಬೇಕು ಎಂದು ಲೆಕ್ಕ ಹಾಕುವವರು ಇವರು.

ಎಚ್ಚರಿಕೆ: ನಮ್ಮ ವಿಶ್ವವಿದ್ಯಾಲಯಗಳಲ್ಲಿ ಮೊದಲ ಎರಡರ ಹೆಸರು ಕಲಸುಮೇಲೋಗರ. 'ಅಧ್ಯಯನ' ಎಂಬ ಹೆಸರಿನ ವಿಭಾಗದಲ್ಲಿ ಅಪ್ಪಟ ವಿಜ್ಞಾನವನ್ನೇ ಕಲಿಸುವುದುಂಟು. ಹೆಸರು ನೋಡಿ ತೀರ್ಮಾನಿಸಬೇಡಿ. ಸಿಲೆಬಸ್ ತೆರೆದು ಎಷ್ಟು ಪೇಪರಿಗೆ ಲ್ಯಾಬ್ ಇದೆ ಎಂದು ಎಣಿಸಿ.

2. ಕೆಲಸದಿಂದ ಹಿಂದಕ್ಕೆ ಲೆಕ್ಕ ಹಾಕಿ

ಈ ಹಂತಕ್ಕೆ ಒಂದು ಸಂಜೆ ಕೊಡಿ. ನಿಮಗೆ ಇಷ್ಟವಾಗುವ ಎರಡು ಮೂರು ಹುದ್ದೆಗಳ ಹಳೆಯ ಅಧಿಸೂಚನೆ ತೆಗೆದು, ಅದರಲ್ಲಿ 'ವಿದ್ಯಾರ್ಹತೆ' ಎಂಬ ಸಾಲನ್ನು ಮಾತ್ರ ಓದಿ. ಕೇರಳ ಪಿಎಸ್‌ಸಿ, ಕೇಂದ್ರದ ಯುಪಿಎಸ್‌ಸಿ, ಮಾಲಿನ್ಯ ನಿಯಂತ್ರಣ ಮಂಡಳಿಗಳ ವೆಬ್‌ಸೈಟುಗಳಲ್ಲಿ ಹಳೆಯವು ಸಿಗುತ್ತವೆ.

ಎಷ್ಟೋ ಮಕ್ಕಳು ಎಡವುವುದು ಭಾರತೀಯ ಅರಣ್ಯ ಸೇವೆಯಲ್ಲಿ. ಜಿಲ್ಲೆಗೆ ಡಿಎಫ್‌ಒ ಆಗಿ ಬರುತ್ತಾರಲ್ಲ, ಆ ಸೇವೆ. ಅದಕ್ಕೆ ಪರಿಸರ ವಿಜ್ಞಾನವೇ ಸರಿಯಾದ ಡಿಗ್ರಿ ಎಂದು ಯಾರಿಗಾದರೂ ಅನಿಸುತ್ತದೆ, ಅಲ್ವಾ? ಆದರೆ ಯುಪಿಎಸ್‌ಸಿ ಕೇಳುವುದು ಬೇರೆ: ಡಿಗ್ರಿಯಲ್ಲಿ ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ, ರಸಾಯನಶಾಸ್ತ್ರ, ಭೌತಶಾಸ್ತ್ರ, ಗಣಿತ, ಸಂಖ್ಯಾಶಾಸ್ತ್ರ, ಭೂವಿಜ್ಞಾನ, ಪಶುವೈದ್ಯ ಇವುಗಳಲ್ಲಿ ಒಂದಾದರೂ ವಿಷಯ ಇರಬೇಕು. ಇಲ್ಲವೇ ಕೃಷಿ, ಅರಣ್ಯಶಾಸ್ತ್ರ ಅಥವಾ ಎಂಜಿನಿಯರಿಂಗ್ ಪದವಿ ಬೇಕು. ಆ ಪಟ್ಟಿಯಲ್ಲಿ ಪರಿಸರ ವಿಜ್ಞಾನ ಎಂಬ ಹೆಸರಿಲ್ಲ. ಮುಖ್ಯ ಪರೀಕ್ಷೆಯ ಐಚ್ಛಿಕ ವಿಷಯಗಳಲ್ಲೂ ಇಲ್ಲ. ಹಾಗಾಗಿ ಡಿಗ್ರಿಯಲ್ಲಿ ಮೇಲಿನ ಯಾವ ವಿಷಯವೂ ಇಲ್ಲದೆ ಬರೀ ಪರಿಸರ ವಿಜ್ಞಾನ ಓದಿದವರಿಗೆ ಬಾಗಿಲು ಮುಚ್ಚಿದ ಹಾಗೆ. ಇದು ಗೊತ್ತಾಗುವುದು ಮೂರನೇ ವರ್ಷದಲ್ಲಿ ಅರ್ಜಿ ತುಂಬುವಾಗ ಆದರೆ ಏನು ಮಾಡುವುದು?

ಉಳಿದ ಮುಖ್ಯ ದಾರಿಗಳು ಇವು.

ಮಾಲಿನ್ಯ ನಿಯಂತ್ರಣ ಮಂಡಳಿ. 1974ರ ಜಲ ಕಾಯ್ದೆ, 1981ರ ವಾಯು ಕಾಯ್ದೆ, 1986ರ ಪರಿಸರ ಸಂರಕ್ಷಣಾ ಕಾಯ್ದೆ ಜಾರಿ ಮಾಡುವುದು ಇವರ ಕೆಲಸ. ಇಲ್ಲಿ ಎಂಜಿನಿಯರ್ ಸಾಲು ಬೇರೆ, ವಿಜ್ಞಾನಿ ಸಾಲು ಬೇರೆ. ಎಂ.ಎಸ್ಸಿ. ಮಾಡಿದವರು ಎಂಜಿನಿಯರ್ ಹುದ್ದೆಗೆ ಅರ್ಜಿ ಹಾಕಿ ಪ್ರಯೋಜನವಿಲ್ಲ.

ಪ್ರಯೋಗಾಲಯ. ನೀರು, ಆಹಾರ, ಮಣ್ಣು ಪರೀಕ್ಷಿಸುವ ಸರಕಾರಿ ಮತ್ತು ಖಾಸಗಿ ಲ್ಯಾಬುಗಳು. ಸುರುವಿನ ಸಂಬಳ ಕಡಿಮೆ, ಆದರೆ ಕೈ ಪಳಗುವುದು ಇಲ್ಲೇ. ರಸಾಯನಶಾಸ್ತ್ರ ಅಥವಾ ಸೂಕ್ಷ್ಮಜೀವಿಶಾಸ್ತ್ರ ಗಟ್ಟಿ ಇದ್ದವರಿಗೆ ಮೊದಲ ಕರೆ.

ಪರಿಸರ ಪರಿಣಾಮ ಅಂದಾಜು, ಅಂದರೆ ಇಐಎ. ಗಣಿ, ಬಂದರು, ಹೆದ್ದಾರಿಯಂಥ ದೊಡ್ಡ ಯೋಜನೆಗಳಿಂದ ಊರಿಗೆ, ನೀರಿಗೆ, ಕಾಡಿಗೆ ಏನಾಗಬಹುದು ಎಂದು ಮೊದಲೇ ಅಂದಾಜು ಮಾಡಿ ಬರೆಯುವ ವರದಿ ಇದು. 2006ರ ಅಧಿಸೂಚನೆಯಂತೆ ನಡೆಯುತ್ತದೆ. ವರದಿ ಬರೆಯುವ ಸಂಸ್ಥೆಗೆ ನ್ಯಾಬೆಟ್ ಎಂಬ ಮಂಡಳಿಯ ಮಾನ್ಯತೆ ಬೇಕು. ಆ ಸಂಸ್ಥೆಯಲ್ಲಿ ವಾಯು, ನೀರು, ಶಬ್ದ, ಜೀವವೈವಿಧ್ಯ, ಭೂವಿಜ್ಞಾನ, ಸಾಮಾಜಿಕ ಸ್ಥಿತಿಗತಿ ಎಂದು ಒಂದೊಂದು ಕ್ಷೇತ್ರಕ್ಕೆ ಮಾನ್ಯತೆ ಪಡೆದ ತಜ್ಞರು ಇರಬೇಕು. ಗಮನಿಸಿ, ಅಲ್ಲೂ 'ಎಲ್ಲ ಗೊತ್ತಿರುವ ಪರಿಸರ ತಜ್ಞ' ಎಂಬ ಕುರ್ಚಿ ಇಲ್ಲ. ಒಂದು ಕ್ಷೇತ್ರ ಹಿಡಿಯಬೇಕು.

ಕಾರ್ಖಾನೆ ಮತ್ತು ಕಂಪನಿ. ನಮಗೆ ಹತ್ತಿರದ್ದು ಮಂಗಳೂರು: ಬೈಕಂಪಾಡಿ ಕೈಗಾರಿಕಾ ಪ್ರದೇಶ, ತೈಲ ಶುದ್ಧೀಕರಿಸುವ ಎಂಆರ್‌ಪಿಎಲ್, ಗೊಬ್ಬರ ತಯಾರಿಸುವ ಎಂಸಿಎಫ್, ನವಮಂಗಳೂರು ಬಂದರು. ಇಂಥ ಕಡೆ 'ಇಎಚ್‌ಎಸ್' ಎಂಬ ವಿಭಾಗ ಇರುತ್ತದೆ. ಪರಿಸರ, ಆರೋಗ್ಯ, ಸುರಕ್ಷತೆ ಮೂರೂ ಒಟ್ಟಿಗೆ. ಸುರಕ್ಷತಾ ಅಧಿಕಾರಿ ಆಗಬೇಕಾದರೆ ಎಂ.ಎಸ್ಸಿ. ಒಂದೇ ಸಾಲದು, ಇಂಡಸ್ಟ್ರಿಯಲ್ ಸೇಫ್ಟಿ ಡಿಪ್ಲೊಮಾ ಕೇಳುತ್ತಾರೆ. ದೊಡ್ಡ ನಗರಗಳಲ್ಲಿ ಇನ್ನೊಂದು ಹೊಸ ಕೆಲಸ ಬೆಳೆಯುತ್ತಿದೆ. ಷೇರುಪೇಟೆಯ ಮೊದಲ 1000 ಕಂಪನಿಗಳಿಗೆ 2022-23ರಿಂದ ನೀರು, ವಿದ್ಯುತ್, ತ್ಯಾಜ್ಯದ ಲೆಕ್ಕ ಕೊಡುವ ವರದಿಯನ್ನು ಷೇರುಪೇಟೆಯ ನಿಯಂತ್ರಕ ಸೆಬಿ ಕಡ್ಡಾಯ ಮಾಡಿದೆ. ಅದಕ್ಕೆ ಎಕ್ಸೆಲ್‌ನಲ್ಲಿ ಪಳಗಿದವರು ಬೇಕು.

ಸ್ಥಳೀಯಾಡಳಿತ ಮತ್ತು ಮಿಷನ್‌ಗಳು. ಹರಿತ ಕೇರಳಂ ಮಿಷನ್, ಶುಚಿತ್ವ ಮಿಷನ್, ಜೀವವೈವಿಧ್ಯ ಮಂಡಳಿ. ಹೆಚ್ಚಿನವು ಗುತ್ತಿಗೆ ಹುದ್ದೆಗಳು. ಖಾಯಂ ಆಗುತ್ತದೆ ಎಂಬ ಆಸೆಯಲ್ಲಿ ವರ್ಷಗಟ್ಟಲೆ ಕೂರಬೇಡಿ. ಆದರೆ ಪಂಚಾಯತು ಹೇಗೆ ನಡೆಯುತ್ತದೆ ಎಂದು ಕಲಿಯಲು ಇದಕ್ಕಿಂತ ಒಳ್ಳೆಯ ಜಾಗ ಇಲ್ಲ.

ಶಿಕ್ಷಕರಾಗುವ ಆಸೆ ಇರುವವರು ಇನ್ನೂ ಜಾಗ್ರತೆ ಮಾಡಿ. ಶಾಲೆಯ ವಿಜ್ಞಾನ ಶಿಕ್ಷಕರ ಹುದ್ದೆ, ಅದಕ್ಕೆ ಬೇಕಾದ ಬಿ.ಎಡ್. ಪ್ರವೇಶ ಎರಡೂ ಡಿಗ್ರಿಯ ಮುಖ್ಯ ವಿಷಯದ ಮೇಲೆ ನಿಂತಿವೆ. ಸಸ್ಯ, ಪ್ರಾಣಿ, ರಸಾಯನ, ಭೌತಶಾಸ್ತ್ರ ಓದಿದವರಿಗೆ ಇರುವ ಸುಲಭ ದಾರಿ ಪರಿಸರ ವಿಜ್ಞಾನದ ಪದವೀಧರರಿಗೆ ಇರುವುದಿಲ್ಲ.

3. ಡಿಗ್ರಿಯಲ್ಲಿ ಒಂದು ಮೂಲ ವಿಜ್ಞಾನ, ಪರಿಸರ ಆಮೇಲೆ

ಮೇಲಿನದೆಲ್ಲ ಓದಿದ ಮೇಲೆ ನನ್ನ ಸಲಹೆ ನಿಮಗೇ ಹೊಳೆದಿರಬಹುದು. ಡಿಗ್ರಿಗೆ ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ಅಥವಾ ಭೂವಿಜ್ಞಾನ ತೆಗೆದುಕೊಳ್ಳಿ. ಎಂ.ಎಸ್ಸಿ.ಗೆ ಪರಿಸರ ವಿಜ್ಞಾನಕ್ಕೆ ಬನ್ನಿ. ಎಂ.ಎಸ್ಸಿ. ಪ್ರವೇಶಕ್ಕೆ ಹೆಚ್ಚಿನ ಕಡೆ ಯಾವುದಾದರೂ ವಿಜ್ಞಾನ ಪದವಿ ಸಾಕು, ಆದ್ದರಿಂದ ನಷ್ಟವೇನೂ ಇಲ್ಲ. ಪರಿಸರದಲ್ಲಿ ಕೆಲಸ ಸಿಗದಿದ್ದರೆ ಹಿಂದೆ ಒಂದು ಗಟ್ಟಿ ವಿಷಯ ಇರುತ್ತದೆ.

ನಮ್ಮ ವಿದ್ಯಾನಗರದ ಸರಕಾರಿ ಕಾಲೇಜಿನಲ್ಲೇ ಭೂವಿಜ್ಞಾನ ಇದೆ ಎನ್ನುವುದು ಎಷ್ಟೋ ಮನೆಗಳಿಗೆ ಗೊತ್ತಿಲ್ಲ. ಅಂತರ್ಜಲದ ಕೆಲಸ ಮಾಡಬೇಕು ಎನ್ನುವವರಿಗೆ ಭೂವಿಜ್ಞಾನಕ್ಕಿಂತ ಒಳ್ಳೆಯ ಬುನಾದಿ ಇಲ್ಲ. ಗಣಿ, ಬೋರ್‌ವೆಲ್, ಕುಸಿಯುವ ಗುಡ್ಡ ಎಲ್ಲಕ್ಕೂ ಆ ಓದು ಬೇಕು.

ಕೇರಳದಲ್ಲಿ 2024ರಿಂದ ನಾಲ್ಕು ವರ್ಷದ ಪದವಿ ಬಂದಿದೆ. ಮೂರು ವರ್ಷಕ್ಕೆ ಡಿಗ್ರಿ ಪಡೆದು ಹೊರಬರಬಹುದು, ನಾಲ್ಕು ಓದಿದರೆ ಆನರ್ಸ್. ಇದರಲ್ಲಿ ಮುಖ್ಯ ವಿಷಯದ ಜೊತೆ 'ಮೈನರ್' ಎಂಬ ಜೊತೆ ವಿಷಯ ಆರಿಸಬಹುದು. ಸಸ್ಯಶಾಸ್ತ್ರ ತೆಗೆದುಕೊಂಡವರು ರಸಾಯನವನ್ನು ಬಿಡಬೇಡಿ. ಸಂಖ್ಯಾಶಾಸ್ತ್ರ ಸಿಕ್ಕರೆ ಕಣ್ಣುಮುಚ್ಚಿ ಹಿಡಿಯಿರಿ. ಗಣಿತ ಕಂಡರೆ ಆಗದು ಎಂದು ಪರಿಸರಕ್ಕೆ ಬರುವವರು ಬಹಳ ಜನ, ಅವರೇ ಎಂ.ಎಸ್ಸಿ. ಪ್ರಾಜೆಕ್ಟಿನಲ್ಲಿ ಸಿಕ್ಕಿಹಾಕಿಕೊಳ್ಳುವುದು. ಕರ್ನಾಟಕ ಮಾತ್ರ 2024ರಲ್ಲಿ ಮೂರು ವರ್ಷದ ಪದವಿಗೆ ಮರಳಿದೆ. ಮಂಗಳೂರಿನ ಕಾಲೇಜಿಗೂ ಕಣ್ಣೂರು ವಿಶ್ವವಿದ್ಯಾಲಯದ ಕಾಲೇಜಿಗೂ ಅರ್ಜಿ ಹಾಕುವವರು ಈ ವ್ಯತ್ಯಾಸ ನೆನಪಿಟ್ಟುಕೊಳ್ಳಿ.

ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಒಂದು ಮಾತು. ಮೊದಲ ಸೆಮಿಸ್ಟರ್ ಕಷ್ಟವೇ. ಪುಸ್ತಕ ಇಂಗ್ಲಿಷ್, ತರಗತಿಯಲ್ಲಿ ಅರ್ಧ ಮಲಯಾಳಂ. ಎರಡನೇ ಸೆಮಿಸ್ಟರಿಗೆ ಸರಿಹೋಗುತ್ತದೆ. ಅದಕ್ಕೆ ಹೆದರಿ ವಿಷಯ ಬದಲಾಯಿಸಬೇಡಿ.

4. ಪ್ರವೇಶ ಪರೀಕ್ಷೆ: ಜಾಸ್ತಿ ಜನ ತಪ್ಪಿಸಿಕೊಳ್ಳುವ ಜಾಗ

ಸಾಮಾನ್ಯ ಬಿ.ಎಸ್ಸಿ.ಗೆ ಕಣ್ಣೂರು ವಿಶ್ವವಿದ್ಯಾಲಯದ ಏಕಗವಾಕ್ಷಿ ಅರ್ಜಿ ಸಾಕು. ಆದರೆ ಪ್ಲಸ್ ಟು ಮುಗಿದ ಕೂಡಲೇ ನೇರ ಪರಿಸರದ ಕಡೆ ಹೋಗುವ ವೃತ್ತಿಪರ ಕೋರ್ಸುಗಳೂ ಇವೆ. ಕೇರಳ ಕೃಷಿ ವಿಶ್ವವಿದ್ಯಾಲಯದ ಬಿ.ಎಸ್ಸಿ. ಅರಣ್ಯಶಾಸ್ತ್ರ, ಅಲ್ಲಿಯದೇ ಹವಾಮಾನ ಬದಲಾವಣೆ ಮತ್ತು ಪರಿಸರ ವಿಜ್ಞಾನದ ಬಿ.ಎಸ್ಸಿ. ಆನರ್ಸ್. ಎರಡೂ ತೃಶೂರಿನ ವೆಳ್ಳಾನಿಕ್ಕರದಲ್ಲಿ. ಇವಕ್ಕೆ ರಾಜ್ಯದ ಸೀಟು ಕೊಡುವುದು ನೀಟ್ ಪರೀಕ್ಷೆಯ ಅಂಕದ ಮೇಲೆ.

ಹೌದು, ಡಾಕ್ಟರಾಗುವವರು ಬರೆಯುವ ಅದೇ ನೀಟ್. "ನನಗೆ ಡಾಕ್ಟರ್ ಆಗೋದು ಬೇಡ" ಎಂದು ನೀಟ್ ಬರೆಯದೆ ಕುಳಿತವರಿಗೆ ರಾಜ್ಯದ ಈ ಸೀಟುಗಳ ಬಾಗಿಲು ಆ ವರ್ಷಕ್ಕೆ ಮುಚ್ಚುತ್ತದೆ. ಇನ್ನೊಂದು ಕೊಂಡಿಯೂ ಇದೆ. ನೀಟ್ ಬರೆದರೆ ಸಾಲದು, ಕೇರಳದ ವೃತ್ತಿಪರ ಕೋರ್ಸುಗಳ ಪ್ರವೇಶಕ್ಕೆ ಇರುವ ಕೀಮ್ ಅರ್ಜಿಯನ್ನೂ ಅದರ ಅವಧಿಯೊಳಗೆ ಹಾಕಿರಬೇಕು. ಕೀಮ್ ಎಂದರೆ ಎಂಜಿನಿಯರಿಂಗ್ ಮಾತ್ರ ಅಂದುಕೊಂಡವರು ಇಲ್ಲಿ ಸೋಲುತ್ತಾರೆ. ಅಂಕ ಕೈಯಲ್ಲಿ, ಅರ್ಜಿ ಇಲ್ಲ.

ಕರ್ನಾಟಕದಲ್ಲಿ ಅರಣ್ಯಶಾಸ್ತ್ರ ಕಲಿಸುವುದು ಶಿರಸಿ ಮತ್ತು ಪೊನ್ನಂಪೇಟೆಯಲ್ಲಿ. ಅಲ್ಲಿಗೆ ಹೋಗಲು ಸಿಇಟಿ ಬರೆಯಬೇಕು. ಕೇರಳದಲ್ಲಿ ಓದಿದ ನಮಗೆ ಅದು ಆಗುತ್ತದಾ ಎಂದು ಕೇಳುವವರೇ ಹೆಚ್ಚು. ಆಗುತ್ತದೆ. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ನಿಯಮದಲ್ಲಿ 'ಗಡಿನಾಡು ಕನ್ನಡಿಗ' ಎಂಬ ವಿಭಾಗ ಇದೆ. ಕಾಸರಗೋಡು, ಹೊಸದುರ್ಗ, ಮಂಜೇಶ್ವರ ತಾಲೂಕುಗಳು, ಮಹಾರಾಷ್ಟ್ರದ ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಗಡಹಿಂಗ್ಲಜ ತಾಲೂಕುಗಳು ಇದರಲ್ಲಿ ಬರುತ್ತವೆ. ಮಾತೃಭಾಷೆ ಕನ್ನಡ, ತುಳು ಅಥವಾ ಕೊಡವ ಆಗಿರಬೇಕು. ಪ್ರಾಧಿಕಾರ ಒಂದು ಕನ್ನಡ ಪರೀಕ್ಷೆ ಇಡುತ್ತದೆ. ಅದು ಪ್ರಾಥಮಿಕ ಶಾಲೆಯ ಮಟ್ಟದ್ದು, ನಮ್ಮ ಮಕ್ಕಳಿಗೆ ಕಷ್ಟವಲ್ಲ. ಮಲಯಾಳಂ ಅಥವಾ ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವರು ಅಕ್ಷರ ಮರೆತಿದ್ದರೆ ಒಂದು ವಾರ ಕೈಬರಹ ಅಭ್ಯಾಸ ಮಾಡಿ. ಅರ್ಜಿ ತುಂಬುವಾಗ ಈ ವಿಭಾಗವನ್ನು ಸರಿಯಾಗಿ ಗುರುತಿಸಿ. ಆ ಪೆಟ್ಟಿಗೆಗೆ ಟಿಕ್ ಹಾಕದೆ ಆಮೇಲೆ ತಿದ್ದಿಸಲು ಓಡುವುದು ಯಾರಿಗೂ ಬೇಡ.

5. ಕಾಗದಪತ್ರ

ಚಿಕ್ಕ ಹಂತ, ಆದರೆ ಬೇಗ ಮಾಡಿ. ವಿಲ್ಲೇಜ್ ಆಫೀಸಿನಿಂದ ನೇಟಿವಿಟಿ ಮತ್ತು ಆದಾಯ ಪತ್ರ, ಬೇಕಾದವರಿಗೆ ಜಾತಿ ಅಥವಾ ನಾನ್ ಕ್ರೀಮಿ ಲೇಯರ್ ಪತ್ರ. ಅರ್ಜಿ ಅಕ್ಷಯ ಕೇಂದ್ರದಲ್ಲಿ ಕೊಡಬಹುದು. ಹೆಸರಿನ ಇನಿಶಿಯಲ್ ಎಸ್‌ಎಸ್‌ಎಲ್‌ಸಿ ಪುಸ್ತಕದಲ್ಲಿ ಇರುವ ಹಾಗೆಯೇ ಆಧಾರ್‌ನಲ್ಲೂ ಇದೆಯಾ ನೋಡಿ. ಕನ್ನಡದಿಂದ ಮಲಯಾಳಂಗೆ, ಅಲ್ಲಿಂದ ಇಂಗ್ಲಿಷಿಗೆ ಹೋಗಿ ಬರುವಷ್ಟರಲ್ಲಿ ನಮ್ಮ ಮನೆತನದ ಹೆಸರುಗಳಿಗೆ ಏನೇನೋ ಆಗಿರುತ್ತದೆ. ಇ-ಗ್ರಾಂಟ್ಸ್ ವಿದ್ಯಾರ್ಥಿವೇತನಕ್ಕೂ ಇವೇ ಪತ್ರಗಳು ಬೇಕು.

ಗಡಿ ದಾಟಿ ಓದಲು ಹೋಗುವವರಿಗೆ ಹೊಸ ವಿಶ್ವವಿದ್ಯಾಲಯ ಎಲಿಜಿಬಿಲಿಟಿ ಪತ್ರ ಕೇಳುತ್ತದೆ. ಓದಿ ಮರಳಿ ಬಂದು ಕೇರಳ ಪಿಎಸ್‌ಸಿಗೆ ಅರ್ಜಿ ಹಾಕುವಾಗ ಡಿಗ್ರಿಯ ಹೆಸರು ಅಧಿಸೂಚನೆಯಲ್ಲಿರುವ ಹೆಸರಿಗೆ ಹೊಂದದಿದ್ದರೆ ತತ್ಸಮಾನ ಎಂಬ ದಾಖಲೆ ಬೇಕಾಗಬಹುದು. 'ಪರಿಸರ ನಿರ್ವಹಣೆ', 'ಸುಸ್ಥಿರತೆ' ಎಂಬಂಥ ಚಂದದ ಹೆಸರಿನ ಕೋರ್ಸುಗಳಲ್ಲಿ ಈ ತಲೆನೋವು ಜಾಸ್ತಿ. ಸಾದಾ 'ಎಂ.ಎಸ್ಸಿ. ಪರಿಸರ ವಿಜ್ಞಾನ' ಎಂಬ ಹೆಸರೇ ಕ್ಷೇಮ.

6. ಕೈಕೆಲಸ ಕಲಿಯಿರಿ

ಸಂದರ್ಶನದಲ್ಲಿ ಯಾರೂ ನಿಮ್ಮ ಪರಿಸರ ಪ್ರೀತಿಯನ್ನು ಅಳೆಯುವುದಿಲ್ಲ. "ಬಿಒಡಿ ಹೇಗೆ ಮಾಡ್ತೀರಿ?" ಎಂದು ಕೇಳುತ್ತಾರೆ. ಬಿಒಡಿ ಎಂದರೆ ನೀರಿನಲ್ಲಿರುವ ಕೊಳೆಯನ್ನು ತಿನ್ನಲು ಸೂಕ್ಷ್ಮಜೀವಿಗಳಿಗೆ ಎಷ್ಟು ಆಮ್ಲಜನಕ ಬೇಕು ಎಂಬ ಅಳತೆ. ಕೊಳೆ ಜಾಸ್ತಿ ಇದ್ದರೆ ಬಿಒಡಿ ಜಾಸ್ತಿ. ನಮ್ಮ ದೇಶದ ವಿಧಾನದಲ್ಲಿ ಮಾದರಿಯನ್ನು 27 ಡಿಗ್ರಿಯಲ್ಲಿ 3 ದಿನ ಇಡುತ್ತಾರೆ. ವಿದೇಶಿ ಪುಸ್ತಕಗಳಲ್ಲಿ 20 ಡಿಗ್ರಿ, 5 ದಿನ ಎಂದಿರುತ್ತದೆ. ಪುಸ್ತಕ ಮಾತ್ರ ಓದಿದವರು ಯಾರು, ಲ್ಯಾಬಿನಲ್ಲಿ ನಿಂತವರು ಯಾರು ಎನ್ನುವುದು ಈ ಒಂದು ಉತ್ತರದಲ್ಲೇ ಗೊತ್ತಾಗುತ್ತದೆ.

ಹೊಳೆಯ ನೀರಿನ ಆಮ್ಲಜನಕ ಅಳೆಯುವುದನ್ನೇ ನೋಡಿ. 300 ಮಿಲಿಲೀಟರಿನ ಗಾಜಿನ ಮುಚ್ಚಳದ ಬಾಟಲಿಯನ್ನು ನೀರಿನೊಳಗೆ ಓರೆಯಾಗಿ ಇಳಿಸಿ, ಗುಳ್ಳೆ ಬರದ ಹಾಗೆ ನಿಧಾನ ತುಂಬಿಸಬೇಕು. ಒಂದು ಗುಳ್ಳೆ ಉಳಿದರೂ ಗಾಳಿಯ ಆಮ್ಲಜನಕ ಸೇರಿ ಲೆಕ್ಕ ತಪ್ಪುತ್ತದೆ. ಮುಚ್ಚಳ ಓರೆ ಮಾಡಿ ಒತ್ತಿದರೆ ಕತ್ತಿನಲ್ಲಿದ್ದ ಗುಳ್ಳೆ ಹೊರಗೆ ಹೋಗುತ್ತದೆ. ಅಲ್ಲೇ ದಡದಲ್ಲೇ ಮ್ಯಾಂಗನೀಸ್ ಸಲ್ಫೇಟ್ ಹಾಕಿ, ಮೇಲೆ ಕ್ಷಾರದ ಅಯೊಡೈಡ್ ಹಾಕಬೇಕು. ಪಿಪೆಟ್ಟಿನ ತುದಿ ನೀರಿನೊಳಗೆ ಇರಲಿ. ಬಾಟಲಿ ತಿರುಗಿಸಿದಾಗ ಕಂದು ಬಣ್ಣದ ಗಸಿ ಕೂತರೆ ನೀರಿನಲ್ಲಿ ಆಮ್ಲಜನಕ ಇದೆ. ಗಸಿ ಬಿಳಿಯಾಗೇ ಉಳಿದರೆ ಆ ನೀರಿನಲ್ಲಿ ಉಸಿರಿಲ್ಲ. ಆಮೇಲೆ ಲ್ಯಾಬಿನಲ್ಲಿ ಗಂಧಕಾಮ್ಲ ಹಾಕಿ ಗಸಿ ಕರಗಿಸಿ, ಥಯೊಸಲ್ಫೇಟ್ ಹನಿಹನಿಯಾಗಿ ಬಿಡುತ್ತಾರೆ. ಬಣ್ಣ ತಿಳಿಹಳದಿಗೆ ಬಂದಾಗ ಪಿಷ್ಟದ ದ್ರಾವಣ ಹಾಕಿದರೆ ನೀಲಿ. ಆ ನೀಲಿ ಹೋಗುವ ಹನಿಯಲ್ಲಿ ನಿಲ್ಲಿಸಬೇಕು. ಈ ಕೊನೆಯ ಹನಿ ಗುರುತಿಸಲು ಕಣ್ಣು ಪಳಗಬೇಕು. ಅದಕ್ಕೇ ಲ್ಯಾಬ್ ದಿನ ರಜೆ ಹಾಕಬೇಡಿ, ಗುಂಪಿನಲ್ಲಿ ಹಿಂದೆ ನಿಂತು ರೀಡಿಂಗ್ ಬರೆದುಕೊಳ್ಳುವವರಾಗಬೇಡಿ.

ಮನೆಯಲ್ಲೇ ಮಾಡಬಹುದಾದ ಅಭ್ಯಾಸವೂ ಇದೆ. ನಿಮ್ಮ ಬಾವಿ. ಕಟ್ಟೆಯ ಮೇಲೆ ಒಂದು ಗುರುತು ಮಾಡಿ, ವಾರಕ್ಕೊಮ್ಮೆ ಅಲ್ಲಿಂದ ನೀರಿನವರೆಗೆ ಹಗ್ಗ ಇಳಿಸಿ ಅಳೆದು ಬರೆಯಿರಿ. ಪಂಪ್ ಹಾಕುವ ಮೊದಲೇ, ಬೆಳಿಗ್ಗೆಯೇ. ಕೇಂದ್ರ ಅಂತರ್ಜಲ ಮಂಡಳಿ ತನ್ನ ಬಾವಿಗಳನ್ನು ಅಳೆಯುವುದು ವರ್ಷಕ್ಕೆ ನಾಲ್ಕು ಸಲ. ನಿಮ್ಮದು ಅದಕ್ಕಿಂತ ಒತ್ತಾದ ದಾಖಲೆ. ಎರಡು ಮಳೆಗಾಲದ ಲೆಕ್ಕ ಇದ್ದರೆ ಅದನ್ನು ಗ್ರಾಫ್ ಮಾಡಿ ಬಯೋಡೇಟಾದ ಜೊತೆ ಇಡಬಹುದು, ಯಾವ ಆನ್‌ಲೈನ್ ಸರ್ಟಿಫಿಕೇಟಿಗಿಂತಲೂ ಅದು ಹೆಚ್ಚು ಹೇಳುತ್ತದೆ. ನೀರಿನ ಪಿಎಚ್ ಕೂಡ ನೋಡಿ. ಪಿಎಚ್ ಎಂದರೆ ಹುಳಿ ಮತ್ತು ಕ್ಷಾರದ ಅಳತೆ. ಕುಡಿಯುವ ನೀರಿಗೆ 6.5ರಿಂದ 8.5 ಇರಬೇಕು ಎನ್ನುತ್ತದೆ ಭಾರತೀಯ ಮಾನಕ 10500. ನಮ್ಮ ಮುರಕಲ್ಲಿನ ಬಾವಿಗಳಲ್ಲಿ ಎಷ್ಟೋ ಸಲ ಅದಕ್ಕಿಂತ ಕೆಳಗೆ ಬರುತ್ತದೆ. ಯಾಕೆ ಎಂದು ಹುಡುಕಿ. ಅದೇ ನಿಮ್ಮ ಮೊದಲ ಪ್ರಾಜೆಕ್ಟ್.

ಲ್ಯಾಬಿನ ಹೊರಗೆ ಕಲಿಯಬೇಕಾದ್ದು ಎರಡು. ಒಂದು, ಕ್ಯೂಜಿಐಎಸ್. ನಕ್ಷೆ ಮಾಡುವ ಉಚಿತ ತಂತ್ರಾಂಶ. ಇಸ್ರೋದ ಭುವನ್ ಜಾಲತಾಣದ ಚಿತ್ರಗಳ ಜೊತೆ ಸೇರಿಸಿ ನಿಮ್ಮ ಪಂಚಾಯತಿನ ಕೆರೆ, ತೋಡುಗಳ ನಕ್ಷೆ ಮಾಡಿ ನೋಡಿ. ಇನ್ನೊಂದು, ಪ್ರಾಣಿ ಸಸ್ಯ ಗುರುತಿಸುವುದು. ಕೇರಳದ ಹಕ್ಕಿ ಅಟ್ಲಾಸ್ 2015ರಿಂದ 2020ರವರೆಗೆ ಹವ್ಯಾಸಿಗಳು ಊರೂರು ತಿರುಗಿ ಲೆಕ್ಕ ಕೊಟ್ಟಿದ್ದರಿಂದ ಆಯಿತು. ಇ-ಬರ್ಡ್ ಆ್ಯಪ್‌ನಲ್ಲಿ ನೀವೂ ಶುರು ಮಾಡಬಹುದು.

7. ಊರನ್ನೇ ಪಾಠ ಮಾಡಿಕೊಳ್ಳಿ

ಪ್ರಾಜೆಕ್ಟ್ ವಿಷಯ ಬೇಕು ಎಂದು ಇಂಟರ್‌ನೆಟ್ಟಿನಲ್ಲಿ ಹುಡುಕುವವರಿಗೆ ನಮ್ಮ ಜಿಲ್ಲೆ ಕಾಣುವುದೇ ಇಲ್ಲ. ಮಳೆ ಸುಮಾರು 3500 ಮಿಲಿಮೀಟರ್, ಹೊಳೆ 12, ಆದರೂ ಏಪ್ರಿಲ್‌ನಲ್ಲಿ ಟ್ಯಾಂಕರ್. ಇಷ್ಟು ದೊಡ್ಡ ಪ್ರಶ್ನೆ ಮನೆ ಬಾಗಿಲಲ್ಲೇ ಇದೆ. ಬಾಯಾರು, ಪೈವಳಿಕೆ, ಎಣ್ಮಕಜೆ ಕಡೆ ಗುಡ್ಡಕ್ಕೆ ಅಡ್ಡವಾಗಿ ಕೊರೆದ ಸುರಂಗಗಳು ಇನ್ನೂ ನೀರು ಕೊಡುತ್ತಿವೆ. ಏತಡ್ಕದಂಥ ಕಡೆ ತೋಡಿಗೆ ಬೇಸಿಗೆಯಲ್ಲಿ ಕಟ್ಟ ಕಟ್ಟುತ್ತಾರೆ. ಕಟ್ಟ ಹಾಕಿದ ಮೇಲೆ ಪಕ್ಕದ ಬಾವಿಗಳು ಎಷ್ಟು ಏರಿದವು ಎಂದು ಅಳೆದರೆ ಅದೇ ಒಂದು ಒಳ್ಳೆಯ ಎಂ.ಎಸ್ಸಿ. ಪ್ರಬಂಧ. ಮಳೆಗಾಲದಲ್ಲಿ ಪದವುಗಳ ಮೇಲೆ ಬರುವ ಹೂಗಿಡಗಳು, ಅಲ್ಲೇ ಮುರಕಲ್ಲಿನ ಕೋರೆಗಳು, ಅಳಿವೆಬಾಗಿಲ ಕಾಂಡ್ಲಾ ಕಾಡು. ಪಯಸ್ವಿನಿಯಲ್ಲಿ ಅಪರೂಪದ ಭೀಮನಾಮೆ ಇದೆ, ಜಿಲ್ಲಾ ಪಂಚಾಯತು ಅದನ್ನು ಜಿಲ್ಲೆಯ ಜೀವಿ ಎಂದೇ ಘೋಷಿಸಿದೆ.

ಎಂಡೋಸಲ್ಫಾನ್ ಬಗ್ಗೆ ಪ್ರತ್ಯೇಕ ಹೇಳಬೇಕು. ಗೇರು ತೋಟಗಳಿಗೆ ಹೆಲಿಕಾಪ್ಟರಿನಲ್ಲಿ ವರ್ಷಗಟ್ಟಲೆ ಸಿಂಪಡಿಸಿದ ಕೀಟನಾಶಕ ಅದು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ದೇಶದಲ್ಲೇ ಅದನ್ನು ತಡೆಯಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಕೇರಳ ಸರಕಾರಕ್ಕೆ ಹೇಳಿತು. ಪರಿಸರ ಓದುವ ಕಾಸರಗೋಡಿನ ಮಗುವಿಗೆ ಈ ಚರಿತ್ರೆ ಗೊತ್ತಿಲ್ಲದಿದ್ದರೆ ಆಗುವುದಿಲ್ಲ. ಅಧ್ಯಯನ ವರದಿಗಳನ್ನು, ಕೋರ್ಟಿನ ಆದೇಶಗಳನ್ನು ಓದಿ. ಆದರೆ ಕಾಲೇಜು ಪ್ರಾಜೆಕ್ಟಿಗಾಗಿ ಪ್ರಶ್ನಾವಳಿ ಹಿಡಿದು ಇದರಿಂದ ನೊಂದ ಪಡ್ರೆ, ಸ್ವರ್ಗದ ಮನೆಗಳ ಮೆಟ್ಟಿಲು ಹತ್ತಬೇಡಿ. ಆ ಮನೆಗಳವರು ಕ್ಯಾಮರಾಗಳಿಗೆ, ಸಮಿತಿಗಳಿಗೆ, ವಿದ್ಯಾರ್ಥಿಗಳಿಗೆ ಉತ್ತರ ಕೊಟ್ಟು ಸಾಕಾಗಿದ್ದಾರೆ. ಜನರ ಆರೋಗ್ಯದ ಅಧ್ಯಯನಕ್ಕೆ ಸಂಸ್ಥೆಯ ನೈತಿಕ ಸಮಿತಿಯ ಅನುಮತಿ ಬೇಕು, ಅದಿಲ್ಲದೆ ಮಾಡಿದ್ದು ಎಲ್ಲೂ ಪ್ರಕಟವೂ ಆಗುವುದಿಲ್ಲ. ಮಣ್ಣು, ನೀರು, ಹಳೆಯ ದಾಖಲೆ ಇವುಗಳ ಮೇಲೆ ಮಾಡಬಹುದಾದ ಕೆಲಸ ಬೇಕಾದಷ್ಟಿದೆ.

8. ಎಂ.ಎಸ್ಸಿ. ಎಲ್ಲಿ?

ಹತ್ತಿರದ್ದು ಪೆರಿಯದ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯ. 2009ರಲ್ಲಿ ಶುರುವಾದದ್ದು, ಪರಿಸರ ವಿಜ್ಞಾನ ವಿಭಾಗ ಇದೆ. ಜಿಲ್ಲೆಯಲ್ಲೇ ಇದ್ದರೂ ಊರಿನವರೆಂದು ಸೀಟು ಸಿಗುವುದಿಲ್ಲ. ಸಿಯುಇಟಿ-ಪಿಜಿ ಎಂಬ ರಾಷ್ಟ್ರಮಟ್ಟದ ಪರೀಕ್ಷೆ ಬರೆಯಬೇಕು. ಇದರ ಪರೀಕ್ಷೆ ಸಾಮಾನ್ಯವಾಗಿ ಮಾರ್ಚ್‌ನಲ್ಲಿ, ಅರ್ಜಿ ಅದಕ್ಕೂ ಒಂದೆರಡು ತಿಂಗಳು ಮೊದಲೇ ಮುಗಿಯುತ್ತದೆ. "ಡಿಗ್ರಿ ರಿಸಲ್ಟ್ ಬರ್ಲಿ, ಆಮೇಲೆ ನೋಡೋಣ" ಎಂದವರಿಗೆ ಒಂದು ವರ್ಷ ಹೋಯಿತು. ಕೊನೆಯ ವರ್ಷದಲ್ಲಿ ಓದುತ್ತಿರುವಾಗಲೇ ಅರ್ಜಿ ಹಾಕಬಹುದು.

ಕಣ್ಣೂರು ವಿಶ್ವವಿದ್ಯಾಲಯದ ಮಾಂಗಾಟುಪರಂಬ ಕ್ಯಾಂಪಸ್, ಕೊಚ್ಚಿಯ ವಿಜ್ಞಾನ ತಂತ್ರಜ್ಞಾನ ವಿಶ್ವವಿದ್ಯಾಲಯವಾದ ಕುಸಾಟ್, ಕುವೆಂಪು ವಿಶ್ವವಿದ್ಯಾಲಯದ ಶಂಕರಘಟ್ಟ, ಮೈಸೂರಿನ ಮಾನಸಗಂಗೋತ್ರಿ, ದೂರ ಹೋಗುವವರಿಗೆ ಪುದುಚೇರಿ ಮತ್ತು ದೆಹಲಿಯ ಜೆಎನ್‌ಯು. ಕಾಡುಪ್ರಾಣಿಗಳ ಕಡೆಗೆ ಮನಸ್ಸಿದ್ದರೆ ಡೆಹ್ರಾಡೂನಿನ ವನ್ಯಜೀವಿ ಸಂಸ್ಥೆ ಮತ್ತು ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಕೇಂದ್ರ ಎನ್‌ಸಿಬಿಎಸ್ ನಡೆಸುವ ಎಂ.ಎಸ್ಸಿ.ಗಳು ಇವೆ. ಇವೆರಡರಲ್ಲೂ ಸೀಟು ಬಹಳ ಕಡಿಮೆ, ಪ್ರತಿ ವರ್ಷ ಪ್ರವೇಶ ಇರುವುದೂ ಇಲ್ಲ. ಅಧಿಸೂಚನೆ ಮೇಲೆ ಕಣ್ಣಿಡಿ.

ಸೇರುವ ಮೊದಲು ಅಲ್ಲಿನ ಎರಡನೇ ವರ್ಷದ ವಿದ್ಯಾರ್ಥಿಗೆ ಫೋನ್ ಮಾಡಿ ಎರಡೇ ಪ್ರಶ್ನೆ ಕೇಳಿ: ಲ್ಯಾಬಿನ ಉಪಕರಣ ನಡೆಯುತ್ತದೆಯಾ, ಪ್ರಬಂಧಕ್ಕೆ ಹೊರಗಿನ ಸಂಸ್ಥೆಗೆ ಕಳಿಸುತ್ತಾರಾ? ನಮಗೆ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐ ಇಲ್ಲೇ ಇದೆ. ಪೀಚಿಯ ಅರಣ್ಯ ಸಂಶೋಧನಾ ಸಂಸ್ಥೆ, ಕೋಝಿಕ್ಕೋಡಿನ ಜಲಸಂಪನ್ಮೂಲ ಕೇಂದ್ರ ದೂರವೇನಲ್ಲ. ಅಲ್ಲಿ ಆರು ತಿಂಗಳು ಪ್ರಬಂಧ ಮಾಡಿದವರಿಗೆ ಮುಂದೆ ಪ್ರಾಜೆಕ್ಟ್ ಅಸಿಸ್ಟೆಂಟ್ ಹುದ್ದೆಯ ಸುದ್ದಿ ಮೊದಲು ತಲುಪುತ್ತದೆ.

9. ಎಂ.ಎಸ್ಸಿ. ಓದುವಾಗಲೇ ಬರೆಯಬೇಕಾದ ಪರೀಕ್ಷೆಗಳು

ನೆಟ್: ಕಾಲೇಜು ಅಧ್ಯಾಪಕರಾಗಲು ಮತ್ತು ಸಂಶೋಧನಾ ಫೆಲೋಶಿಪ್‌ಗೆ. ಪರಿಸರ ವಿಜ್ಞಾನ ಯುಜಿಸಿ ನೆಟ್‌ನಲ್ಲಿ 89ನೇ ವಿಷಯ. ವರ್ಷಕ್ಕೆ ಎರಡು ಸಲ ಇರುತ್ತದೆ. ಎಂ.ಎಸ್ಸಿ.ಯಲ್ಲಿ ಸಾಮಾನ್ಯ ವರ್ಗಕ್ಕೆ ಶೇ. 55 ಬೇಕು. ಫೆಲೋಶಿಪ್ ಸಿಕ್ಕರೆ ತಿಂಗಳಿಗೆ 37,000 ರೂಪಾಯಿ.

ಗೇಟ್: 2021ರಿಂದ ಪರಿಸರ ವಿಜ್ಞಾನ ಮತ್ತು ಎಂಜಿನಿಯರಿಂಗ್ ಎಂಬ ಪ್ರತ್ಯೇಕ ಪೇಪರ್ ಬಂದಿದೆ. ಐಐಟಿ, ಎನ್‌ಐಟಿಗಳ ಬಾಗಿಲು ಇದು. ಅರ್ಜಿ ಮಳೆಗಾಲದ ಕೊನೆಯಲ್ಲಿ, ಪರೀಕ್ಷೆ ಫೆಬ್ರವರಿಯಲ್ಲಿ.

10. ಮೊದಲ ಕೆಲಸ

ಬಯೋಡೇಟಾ ಒಂದೂವರೆ ಪುಟ ಸಾಕು. 'ಪರಿಸರ ದಿನಾಚರಣೆಯಲ್ಲಿ ಭಾಗವಹಿಸಿದ್ದೇನೆ' ಎನ್ನುವ ಸಾಲು ತೆಗೆಯಿರಿ. ಬದಲಿಗೆ ಯಾವ ಅಳತೆಗಳನ್ನು ಸ್ವಂತ ಕೈಯಲ್ಲಿ ಮಾಡಿದ್ದೀರಿ, ಯಾವ ಉಪಕರಣ ನಡೆಸಿದ್ದೀರಿ, ಯಾವ ತಂತ್ರಾಂಶ ಗೊತ್ತು ಎಂದು ಬರೆಯಿರಿ.

ಭಾಷೆಗಳ ಸಾಲನ್ನು ಮೇಲೆ ತನ್ನಿ. ನಮ್ಮವರು ಅದನ್ನು ಕೊನೆಯಲ್ಲಿ ಸಂಕೋಚದಿಂದ ಬರೆಯುತ್ತಾರೆ. ಕನ್ನಡ, ತುಳು, ಮಲಯಾಳಂ ಮೂರೂ ಬರುವವರು ಇಐಎ ಸಂಸ್ಥೆಗಳಿಗೆ ಸುಲಭಕ್ಕೆ ಸಿಗುವುದಿಲ್ಲ. ದೊಡ್ಡ ಯೋಜನೆಗಳಿಗೆ ಸಾರ್ವಜನಿಕ ಅಹವಾಲು ನಡೆಸಬೇಕು, ಅಂದರೆ ಊರಿನವರನ್ನು ಕರೆದು ಅವರ ಆಕ್ಷೇಪ ಕೇಳಬೇಕು. ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲೂ ಇರಬೇಕು. ಮಂಗಳೂರಿನಿಂದ ಕಣ್ಣೂರಿನವರೆಗೆ ಮನೆ ಮನೆ ಸಮೀಕ್ಷೆಗೆ ದುಭಾಷಿ ಇಲ್ಲದೆ ಹೋಗಬಲ್ಲವರು ನೀವು. ಇಂಥ ವರದಿಗಳನ್ನು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ಉಚಿತವಾಗಿ ಓದಬಹುದು. ಸಂದರ್ಶನಕ್ಕೆ ಹೋಗುವ ಮೊದಲು ಆ ಸಂಸ್ಥೆಯೇ ಬರೆದ ಒಂದು ವರದಿ ಹುಡುಕಿ ಓದಿ.

ಕೆಲಸ ಕೊಡುವವರನ್ನು ನೀವೂ ಪ್ರಶ್ನಿಸಿ. ಲ್ಯಾಬ್ ಆದರೆ ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ಎನ್‌ಎಬಿಎಲ್ ಮಂಡಳಿಯ ಮಾನ್ಯತೆ ಇದೆಯಾ? ಇಐಎ ಸಂಸ್ಥೆ ಆದರೆ ನ್ಯಾಬೆಟ್ ಮಾನ್ಯತೆ ಯಾವ ಕ್ಷೇತ್ರಗಳಿಗೆ ಇದೆ, ಎಂದಿನವರೆಗೆ ಇದೆ? ನೇಮಕಾತಿ ಪತ್ರ ಕೊಡುತ್ತಾರಾ? ಮಾಡದ ಅಳತೆಗೆ ರೀಡಿಂಗ್ ಬರೆಯಿರಿ, ಹೋಗದ ಜಾಗಕ್ಕೆ ಹೋದಂತೆ ಸಹಿ ಹಾಕಿ ಎನ್ನುವ ಕಡೆಗಳೂ ಇವೆ. ಅಂಥ ಕಡೆ ನಿಲ್ಲಬೇಡಿ. ವರದಿಯ ಕೆಳಗೆ ಇರುವುದು ನಿಮ್ಮ ಸಹಿ, ನಾಳೆ ಹಸಿರು ನ್ಯಾಯಮಂಡಳಿಯಲ್ಲಿ ಪ್ರಶ್ನೆ ಬಂದಾಗ ಹುಡುಕುವುದು ಆ ಹೆಸರನ್ನೇ. ಹೊರಬರುವಾಗ ಅನುಭವ ಪತ್ರ ಕೇಳಿ ಪಡೆಯಿರಿ. ಮುಂದೆ ತಜ್ಞರಾಗಿ ಮಾನ್ಯತೆಗೆ ಅರ್ಜಿ ಹಾಕುವಾಗ ಯಾವ ಯೋಜನೆಯಲ್ಲಿ ಏನು ಮಾಡಿದಿರಿ ಎಂದು ಕೇಳುತ್ತಾರೆ, ಆ ವಿವರ ಪತ್ರದಲ್ಲೇ ಬರೆಸಿಕೊಳ್ಳಿ.